ವಿಚಾರಿಸಲು ಒಂದು ಹೆಸರು

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಲಾರಿ ತೂಗಿದ ಮಹಮ್ಮದ್ ಗೌಸ್‌ಗೆ ಕೆಲಸ ಹುಡುಕುವುದು ಹೇಗೆಂದೇ ಗೊತ್ತಿರಲಿಲ್ಲ. ಯಾಕೆ ಗೊತ್ತಿರಬೇಕು ಹೇಳಿ? ಹತ್ತೊಂಬತ್ತರ ವಯಸ್ಸಿನಲ್ಲಿ ಅಪ್ಪ ಕೈಹಿಡಿದು ಕರೆದೊಯ್ದು, ‘ಇವನ್ನ ನಿಮ್ಮ ಉಡಿಯಾಗ ಹಾಕೀನಿ ಧಣಿ’ ಎಂದಿದ್ದ. ಗಿರಣಿಯ ಧಣಿ ಮರಿಬಸಪ್ಪ ಹುಡುಗನ ಮುಖ ನೋಡಿ, ‘ಉಂಡೀಯೇನಲೇ?’ ಎಂದು ಕೇಳಿದರು. ಇಂಟರ್‌ವ್ಯೂ ಅಷ್ಟೇ.

ಈಗ ಹೆಂಡತಿ ಕುಬ್ರಾಬಿಯ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬಳ್ಳಾರಿಗೆ ಹೋಗಬೇಕು. ಅದಿರಿನ ಲಾರಿಗಳು ರಸ್ತೆಯನ್ನು ಅಗೆದು ಹಾಕಿದ್ದ ಕಾಲ. ಬಸ್ಸು ಕುರುಗೋಡು ದಾಟುವಷ್ಟರಲ್ಲಿ ಆಕೆ ಸೀಟಿನಲ್ಲೇ ಕುಸಿಯುತ್ತಿದ್ದಳು. ‘ಈ ಓಡಾಟ ಈಕಿ ಭಾಳ ದಿನ ತಡಕೊಳ್ಳಂಗಿಲ್ಲ, ಇಲ್ಲೇ ಮನಿ ಮಾಡ್ರಿ’ ಎಂದರು ಡಾಕ್ಟರು. ಗಣಿ ದುಡ್ಡು ಹರಿದುಬಂದ ಮೇಲೆ ಬಳ್ಳಾರಿಯಲ್ಲಿ ಬಾಡಿಗೆ ಮನೆ ಬಡವರ ಮಾತಾಗಿರಲಿಲ್ಲ. ಆದರೆ ಒಂದು ಗಣಿ ಕಂಪನಿಗೆ ಲಾರಿ ತೂಗುವವರು ಬೇಕಾಗಿದ್ದರು. ಆಸ್ಪತ್ರೆಯ ಹತ್ತಿರವೇ ಮನೆಯನ್ನೂ ಕೊಡುತ್ತಿದ್ದರು.

ಗೌಸ್ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿಗೆ ಹೋದ. ‘ಈಗೆಲ್ಲ ಕಂಪ್ಯೂಟರ್‌ನಾಗ ಕಳಿಸಬೇಕ್ರಿ, ಮಾರಿ ಯಾರು ನೋಡ್ತಾರ’ ಎಂದು ವಾಚ್‌ಮನ್ ಸಾಗಹಾಕಿದ. ಮಗಳು ಸಾಜಿಯಾ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಬಯೋಡಾಟಾ ಮಾಡಿದಳು. ಅರ್ಜಿಯ ಕೊನೆಗೆ ಕಂಪನಿಯವರು, ಇವನ ಬಗ್ಗೆ ವಿಚಾರಿಸಲು ಒಬ್ಬರ ಹೆಸರು, ಫೋನ್ ನಂಬರು ಕೇಳಿದ್ದರು.

‘ಧಣಿ ಹೆಸರು ಹಾಕವ್ವ.’

‘ಅವರಿಗೆ ಹೇಳೀರೇನಬ್ಬಾ?’

‘ಕೆಲಸ ಸಿಗಲಿ, ಆಮ್ಯಾಲ ಕಾಲಿಗೆ ಬಿದ್ದು ಹೇಳ್ತೀನಿ. ಅವರೇನು ನನ್ನ ಬಗ್ಗೆ ಕೆಟ್ಟದ್ದು ಹೇಳ್ತಾರ?’

ಹೇಳಲಿಲ್ಲ, ಪುಣ್ಯಾತ್ಮರು ಒಂದೇ ಒಂದು ಕೆಟ್ಟ ಮಾತು ಹೇಳಲಿಲ್ಲ. ಹತ್ತು ದಿನದ ಮೇಲೆ ಗೌಸ್‌ನನ್ನು ಕರೆದು, ಎದುರಿಗೆ ಕೂರಿಸಿಕೊಂಡು ಚಹಾ ತರಿಸಿದರು.

‘ವಾರದ ಹಿಂದೆ ಬಳ್ಳಾರಿಯಿಂದ ಯಾವನೋ ಫೋನ್ ಮಾಡಿದ್ದ. ಗೌಸ್ ಹೆಂಥಾ ಮನುಷ್ಯಾ ಅಂದ. ಬಂಗಾರದಂಥಾ ಮನುಷ್ಯಾ, ನನ್ನ ಮಗಾ ಇದ್ದಂಗ, ಲಕ್ಷ ಕೊಟ್ರೂ ನನ್ನ ಬಿಟ್ಟು ಬರಂಗಿಲ್ಲ, ಬ್ಯಾರೆ ಯಾರನ್ನಾರ ನೋಡ್ಕೊಳ್ರಿ ಅಂದು ಇಟ್ಟುಬಿಟ್ಟೆ.’ ಮುದುಕರ ಕಣ್ಣು ತುಂಬಿತ್ತು. ‘ಸರಿ ಹೇಳಿದೆನಲ್ಲೋ?’

ಗೌಸ್‌ಗೆ ಎದೆ ಒಡೆದುಹೋಯಿತು. ಬೈಯಬೇಕೆಂದರೆ ಯಾರನ್ನು ಬೈಯುವುದು? ಬಾಯಿಗೆ ಬಂದದ್ದನ್ನೆಲ್ಲ ಚಹಾದ ಜೊತೆ ನುಂಗಿ, ‘ಸರಿ ಹೇಳಿದ್ರಿ ಧಣಿ’ ಎಂದ. ಹೊರಗೆ ಬಂದವನೇ ಬೂತಿನಿಂದ ಕಂಪನಿಗೆ ಫೋನ್ ಮಾಡಿದ. ಆ ಜಾಗಕ್ಕೆ ಬೇರೆಯವರು ಬಂದು ನಾಲ್ಕು ದಿನವಾಯಿತು ಎಂದರು.

ಮರುದಿನ ಬಸ್ಸಿನಲ್ಲಿ ಕುಬ್ರಾಬಿ ಅವನ ಹೆಗಲಿಗೆ ತಲೆಯಿಟ್ಟು, ‘ಕಂಪನಿಯವರು ವಿಚಾರಿಸಿದ್ರೇನ್ರಿ?’ ಎಂದು ಕೇಳಿದಳು.

ಗೌಸ್ ಕಿಟಕಿಯ ಕಡೆ ಮುಖ ತಿರುಗಿಸಿದ.

‘ವಿಚಾರಿಸ್ಯಾರ. ಧಣಿ ನನ್ನ ಬಗ್ಗೆ ಭಾಳ ಚಲೋ ಹೇಳ್ಯಾರ.’

‘ಹಂಗಾದ್ರ ಸಿಕ್ಕಂಗ ಬಿಡ್ರಿ’ ಎಂದು ಆಕೆ ಕಣ್ಣು ಮುಚ್ಚಿದಳು.