ಮುಕ್ಕಾಲು ಶೇರಿನಲ್ಲಿ ಎಷ್ಟು ಅರೆಪಾವು

ನಾನು ಓದಿದ್ದು ಪೂರ್ತಿ ಉರ್ದುವಿನಲ್ಲಿ. ನಮ್ಮೂರು ಮಹಾಗಾಂವ, ಮನೆಮಾತು ಕನ್ನಡ. ಕಲಬುರಗಿಯನ್ನು ಆಗ ಗುಲ್ಬರ್ಗಾ ಅನ್ನುತ್ತಿದ್ದೆವು. ಅಲ್ಲಿ ಕೋಟೆಯ ಹತ್ತಿರ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ನಿಜಾಮರ ರಾಜ್ಯದಲ್ಲಿ ಮೇಲಿನ ತರಗತಿಗಳಿಗೆ ಉರ್ದುವೇ ಭಾಷೆ. ಅದಕ್ಕೆ ನಾನೇನೂ ಅಳಲಿಲ್ಲ. ನನ್ನ ನೆನಪಿನ ಶಕ್ತಿ ಚೆನ್ನಾಗಿತ್ತು. ಪುಟಗಟ್ಟಲೆ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ, ತರಗತಿಯಲ್ಲಿ ಮೊದಲ ಮೂವರಲ್ಲಿ ಇರುತ್ತಿದ್ದೆ.

ಒಂದು ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ಪಾಲಿಗೆ ಹೊಸದೊಂದು ಹೊಲ ಹಿಡಿದಿದ್ದ. ಹಳ್ಳದ ದಂಡೆಗೆ ಇದ್ದ ಮೂರು ಮೂಲೆಯ ತುಂಡು. ತೊಗರಿ ಬೀಜ ಎಷ್ಟು ಬೇಕೆಂದು ತಿಳಿಯಲು ಅದರ ಅಳತೆ ಬೇಕಾಗಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಬದುವಿನ ಮೇಲೆ ನಿಲ್ಲಿಸಿದ. ಉರ್ದುವಿನಲ್ಲಿ ತ್ರಿಕೋನಕ್ಕೆ 'ಮುಸಲ್ಲಸ್' ಅನ್ನುತ್ತಾರೆ. ಅದರ ಕ್ಷೇತ್ರಫಲ ತೆಗೆಯುವ ಸೂತ್ರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಆದರೆ ನನ್ನ ಕಣ್ಣೆದುರಿಗಿನ ಹೊಲವೇ ಆ ಮುಸಲ್ಲಸ್ ಎಂದು ನನಗೆ ಹೊಳೆಯಲೇ ಇಲ್ಲ. ಮುಸಲ್ಲಸ್ ಇದ್ದದ್ದು ಪುಸ್ತಕದಲ್ಲಿ, ಹೊಲ ಇದ್ದದ್ದು ಹಳ್ಳದ ದಂಡೆಯಲ್ಲಿ. ಅಪ್ಪ ಸ್ವಲ್ಪ ಹೊತ್ತು ಕಾದು ಕೇಳಿದ, "ಹತ್ತ ವರ್ಷ ಸಾಲಿ ಕಲ್ತಿದಿ. ಇದು ಎಷ್ಟದ ಅಂತ ಹೇಳಾಕ ಬರಂಗಿಲ್ಲೇನು?" ಅವನು ಪಕ್ಕದ ಹೊಲದವನನ್ನು ಕೂಗಿ ಕರೆದು, ಇಬ್ಬರೂ ಹೆಜ್ಜೆ ಹಾಕಿ ಅಂದಾಜು ಮಾಡಿದರು.

ಮ್ಯಾಟ್ರಿಕ್ ಮುಗಿಸುವ ಹೊತ್ತಿಗೆ ರಜಾಕಾರರ ಗಲಾಟೆ. ನಮ್ಮ ಮನೆಯವರು ಕೆಲವು ತಿಂಗಳು ಊರು ಬಿಟ್ಟು ಸೊಲ್ಲಾಪುರದ ಕಡೆ ಇದ್ದರು. ಪೊಲೀಸ್ ಆ್ಯಕ್ಷನ್ ಆಯಿತು, ನಾವು ತಿರುಗಿ ಬಂದೆವು. ಆಮೇಲೆ ಹೆದರುವ ಪಾಳಿ ಬೇರೆಯವರದಾಯಿತು. ಎಷ್ಟೋ ದಿನ ಮುಚ್ಚಿದ್ದ ಶಾಲೆಗಳು ಒಂದೊಂದಾಗಿ ತೆರೆದಾಗ ಶುಕ್ರವಾರದ ರಜೆ ಐತವಾರಕ್ಕೆ ಬಂದಿತ್ತು. ಇನ್ನು ಮೇಲೆ ಪಾಠವೆಲ್ಲ ಕನ್ನಡದಲ್ಲಿ ಎಂದು ಹುಕುಂ ಬಂತು. ಕನ್ನಡ ಓದಬರೆಯಲು ಬರುವ ಮಾಸ್ತರರು ಬೇಕಾಗಿದ್ದರು. ಚಿಕ್ಕವನಿದ್ದಾಗ ಊರ ಮಠದಲ್ಲಿ ಅಯ್ಯನವರ ಹತ್ತಿರ ಮರಳಿನಲ್ಲಿ ಅಕ್ಷರ ತಿದ್ದಿದ್ದೆ. ಆ ಬಲದ ಮೇಲೆ ನನಗೆ ಕಮಲಾಪುರದ ಶಾಲೆಯಲ್ಲಿ ನೌಕರಿ ಸಿಕ್ಕಿತು.

ಆ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಕಲಿಸುತ್ತಿದ್ದ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಮೌಲ್ವಿಸಾಬ್ ಅನ್ನುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ. ಆ ಕೆಟ್ಟ ದಿನಗಳಲ್ಲಿ ಅವರ ಮನೆಯಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ವರ್ಷದೊಳಗೆ ಲೆಕ್ಕದ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯುವ ಪರೀಕ್ಷೆ ಪಾಸು ಮಾಡದಿದ್ದರೆ ಪಾಠ ಮಾಡುವಂತಿಲ್ಲ ಎಂದು ಅವರಿಗೆ ಕಾಗದ ಬಂದಿತ್ತು. ಹೊಸಬನಾದ ನನಗೂ ಅದೇ ಪರೀಕ್ಷೆ. ಅವರಿಗೆ ಅಕ್ಷರ ಕಲಿಸುವ ಕೆಲಸವನ್ನು ಹೆಡ್ ಮಾಸ್ತರರು ನನಗೇ ಒಪ್ಪಿಸಿದರು.

ಸಾಯಂಕಾಲ ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಕನ್ನಡ ಮಾತಾಡುವುದರಲ್ಲಿ ಅವರು ನನಗಿಂತ ಕಡಿಮೆ ಇರಲಿಲ್ಲ, ಹುಟ್ಟಿ ಬೆಳೆದದ್ದೇ ಈ ಸೀಮೆಯಲ್ಲಿ. ಬರೆಯುವುದೇ ಕಷ್ಟ. ಒತ್ತಕ್ಷರ ಕಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಂದು ಅಕ್ಷರದ ಕಾಲಿಗೆ ಇನ್ನೊಂದನ್ನು ಯಾಕೆ ಕಟ್ಟಿದ್ದೀರಿ, ಅದೇನು ಕಳ್ಳ ದನವೇ ಎಂದು ಕೇಳುತ್ತಿದ್ದರು. ಹೊಸ ಗಣಿತದ ಪುಸ್ತಕ ಬಂದಾಗ ಇಬ್ಬರೂ ಬೆಪ್ಪಾದೆವು. 'ಭಿನ್ನರಾಶಿ', 'ಛೇದ', 'ಅಂಶ'. ಈ ಮಾತುಗಳನ್ನು ನಮ್ಮ ಮನೆಯಲ್ಲಾಗಲಿ ಬಜಾರಿನಲ್ಲಾಗಲಿ ಯಾರೂ ಆಡಿದ್ದು ನಾನು ಕೇಳಿರಲಿಲ್ಲ. ನಾನು ನನ್ನ ಹಳೆಯ ದಾರಿ ಹಿಡಿದೆ, ಅರ್ಥವಾಗದಿದ್ದರೂ ಬಾಯಿಪಾಠ ಮಾಡಿದೆ.

ಒಂದು ದಿನ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವಾಗ ಎರಡನೆಯದನ್ನು ತಿರುವಿ ಹಾಕಿ ಗುಣಿಸುತ್ತೇವಲ್ಲ, ಯಾಕೆ? ನಿಯಮ ಹಾಗಿದೆ ಎಂದೆ. ಅವರು ನಗಲಿಲ್ಲ. ಮರುದಿನ ಕಮಲಾಪುರದ ಸಂತೆ. ನನ್ನನ್ನು ಕರೆದುಕೊಂಡು ಹೋಗಿ ಜೋಳ ಮಾರುವ ಒಬ್ಬ ಅಜ್ಜಿಯ ಮುಂದೆ ನಿಲ್ಲಿಸಿದರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಮುಕ್ಕಾಲು ಶೇರಿನಲ್ಲಿ ಎಷ್ಟು ಅರೆಪಾವು ಎಂದು ಕೇಳಿದರು. ಆರು ಎಂದು ಅವಳು ತಲೆ ಎತ್ತದೆ ಹೇಳಿದಳು. ಹೇಗೆ ಎಂದಾಗ ಇಷ್ಟೂ ತಿಳಿಯದೇ ಎನ್ನುವಂತೆ ನೋಡಿದಳು.

"ಶೇರಿಗೆ ಎಂಟ ಅರಪಾವು. ಮುಕ್ಕಾಲಿಗೆ ಆರ ಆಗ್ತಾವಲ್ರಿ," ಎಂದಳು.

ಮೌಲ್ವಿಸಾಬರು ನನ್ನ ಕಡೆ ತಿರುಗಿದರು. "ಎಂಟನೇ ಒಂದರಲೆ ಭಾಗಿಸೂ ಬದಲಿ ಎಂಟರಲೆ ಗುಣಿಸಿದಳಲ್ಲಾ, ಅದೇ ತಿರುವಿ ಹಾಕೂದು. ಆಕಿಗಿ ಲೆಕ್ಕ ಗೊತ್ತದ, ಅದರ ಹೆಸರ ಗೊತ್ತಿಲ್ಲ. ನಿಮಗ ಹೆಸರ ಗೊತ್ತದ ನೋಡ್ರಿ, ಬೇಟಾ."

ನನಗೆ ಮುಖ ಬಿಸಿಯಾಯಿತು. ಆದರೆ ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಅಂದಿನಿಂದ ಪಡಸಾಲೆಯ ಪಾಠ ಎರಡೂ ಕಡೆಯಿಂದ ನಡೆಯಿತು. ನಾನು ಅವರಿಗೆ ಒತ್ತಕ್ಷರ ಕಲಿಸಿದೆ, ಅವರು ನನಗೆ ಲೆಕ್ಕ ಕಲಿಸಿದರು. ಹತ್ತು ವರ್ಷ ಒಪ್ಪಿಸಿದ್ದನ್ನು ನಾನು ತಿಳಿದುಕೊಂಡದ್ದು ಆ ಕೆಲವು ತಿಂಗಳಲ್ಲಿ.

ಪರೀಕ್ಷೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಗುಲ್ಬರ್ಗಾಕ್ಕೆ ಹೋದೆವು. ಪತ್ರಿಕೆಯಲ್ಲಿ ಮೊದಲನೇ ಪ್ರಶ್ನೆ, ಭಿನ್ನರಾಶಿ ಎಂದರೇನು, ವ್ಯಾಖ್ಯೆ ಬರೆದು ವಿವರಿಸಿ. ನಾನು ಪುಸ್ತಕದ ಸಾಲನ್ನು ಒಂದಕ್ಷರ ಬಿಡದೆ ಬರೆದೆ. ಅವರು ಶೇರು, ಪಾವು, ಅರೆಪಾವು ಎಂದು ಎರಡು ಪುಟ ಬರೆದರಂತೆ, ತಪ್ಪು ಕಾಗುಣಿತದಲ್ಲಿ. ಫಲಿತಾಂಶ ಬಂದಾಗ ನಾನು ಒಳ್ಳೆಯ ಅಂಕ ಪಡೆದು ಪಾಸಾಗಿದ್ದೆ, ಅವರು ಫೇಲಾಗಿದ್ದರು. ಪಟ್ಟಿಯನ್ನು ಅವರೇ ಹೆಡ್ ಮಾಸ್ತರರ ಕೋಣೆಯಿಂದ ತಂದು ನನಗೆ ತೋರಿಸಿದರು. ನನ್ನ ಹೆಸರಿನ ಮೇಲೆ ಬೆರಳಿಟ್ಟು ಶಾಬಾಸ್ ಎಂದರು.

ಲೆಕ್ಕದ ತರಗತಿ ನನಗೆ ಬಂತು. ಅವರನ್ನು ಹಾಜರಿ ಪುಸ್ತಕ, ದಾಖಲೆ ಬರೆಯುವ ಕೆಲಸಕ್ಕೆ ಕೂರಿಸಿದರು, ಅದೂ ಉರ್ದು ದಾಖಲೆಗಳು ಮುಗಿಯುವತನಕ. ಒಂದು ವಾರ ನಾನೊಬ್ಬನೇ ಪಾಠ ಮಾಡಿದೆ. ಆಮೇಲೆ ಹೆಡ್ ಮಾಸ್ತರರ ಬಳಿ ಹೋಗಿ ಒಂದು ವಿನಂತಿ ಮಾಡಿಕೊಂಡೆ. ತರಗತಿಯಲ್ಲಿ ಇಬ್ಬರೂ ಇರುತ್ತೇವೆ, ಮೌಲ್ವಿಸಾಬರು ಬಾಯಿಂದ ಹೇಳಲಿ, ನಾನು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಹೆಡ್ ಮಾಸ್ತರರು ಒಪ್ಪಿ, ಕಾಗದದ ಮೇಲೆ ನಿಮ್ಮದೇ ಹೆಸರು ಇರುತ್ತದೆ, ಕೇಳಿದರೆ ನನಗೇನೂ ಗೊತ್ತಿಲ್ಲ ಎಂದರು.

ಆ ಒಂದು ವರ್ಷ ನನ್ನ ನೌಕರಿಯಲ್ಲೇ ಚೆನ್ನಾಗಿ ಕಳೆದ ವರ್ಷ. ಮೌಲ್ವಿಸಾಬರು ತರಗತಿಗೆ ಮರದ ಅಳತೆಯ ಪಾತ್ರೆಗಳನ್ನೂ ಒಂದು ಚೀಲ ಜೋಳವನ್ನೂ ತರಿಸಿದರು. ಮಕ್ಕಳು ಸುರಿದು, ಅಳೆದು, ಜಗಳಾಡಿ ಲೆಕ್ಕ ಕಲಿತರು. ಕೂಲಿಯವರ ಮಕ್ಕಳು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಒಂದೊಂದು ಅಳತೆಗೆ ಪಾತ್ರೆ ಒಂದೇ ಇದ್ದದ್ದರಿಂದ ಎಲ್ಲರೂ ಅದರ ಸುತ್ತ ನೆರೆಯಬೇಕಾಯಿತು. ಅದಕ್ಕೆ ಒಬ್ಬಿಬ್ಬರು ತಂದೆಯರು ಬಂದು ತಕರಾರು ತೆಗೆದರು. ಮೌಲ್ವಿಸಾಬರು ಕುರ್ಚಿ ಕೊಟ್ಟು ಕೂರಿಸಿ, ಪೂರ್ತಿ ಕೇಳಿಸಿಕೊಂಡು, ಚಹಾ ಕುಡಿಸಿ ಕಳಿಸಿದರು. ಮರುದಿನವೂ ಪಾತ್ರೆ ಒಂದೇ ಇತ್ತು.

ವರ್ಷದ ಕೊನೆಗೆ ಇನ್ಸ್‌ಪೆಕ್ಟರ್ ಬಂದರು. ಧಾರವಾಡದ ಕಡೆಯವರು, ಶುದ್ಧ ಮಾತಿನವರು. ಭಿನ್ನರಾಶಿ ಎಂದರೇನು ಎಂದು ಕೇಳಿದರು. ಮಕ್ಕಳು ನನ್ನ ಮುಖ ನೋಡಿದರು. ನಾವು ಆ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿಯೇ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮೌಲ್ವಿಸಾಬರು ಮೆಲ್ಲಗೆ ಹೇಳಿದರು, "ಸಾಹೇಬ್ರ, ಪಾತ್ರಿ ಮುಂದಿಟ್ಟು ಕೇಳ್ರಿ."

ಇನ್ಸ್‌ಪೆಕ್ಟರು ಕೇಳಿದರು. ಎರಡೂವರೆ ಶೇರಿನಲ್ಲಿ ಎಷ್ಟು ಪಾವು, ಒಂದೂಕಾಲು ಶೇರನ್ನು ಐವರಿಗೆ ಹಂಚಿದರೆ ಎಷ್ಟೆಷ್ಟು ಎಂದೆಲ್ಲ ಅರ್ಧ ಗಂಟೆ ಕೇಳಿದರು. ಉತ್ತರಗಳು ಸಾಲಾಗಿ ಬಂದವು. ಅವರಿಗೆ ಖುಷಿಯಾದದ್ದು ಮುಖದ ಮೇಲೇ ಕಾಣುತ್ತಿತ್ತು. ಕೊನೆಗೆ ತಮ್ಮ ಚೀಲದಿಂದ ತಪಾಸಣೆಯ ಮುದ್ರಿತ ಕಾಗದ ತೆಗೆದು ಓದಿದರು.

"ಮಾಸ್ತರರೇ, ವ್ಯಾಖ್ಯೆ ಹೇಳಿದರೋ ಇಲ್ಲವೋ ಅಂತ ಇದರಲ್ಲಿ ಕೇಳಿದ್ದಾರೆ. ಈಗ ನಾನು ನೋಡಿದ್ದನ್ನು ಬರೆಯಲು ಇದರಲ್ಲಿ ಜಾಗವಿಲ್ಲ," ಎಂದರು.

ಹೇಳಲಿಲ್ಲ ಎಂದೇ ಬರೆದರು. ಅವರನ್ನು ನಾನು ಆಗ ಬೈದುಕೊಂಡೆ, ಈಗ ಬಯ್ಯುವುದಿಲ್ಲ. ಫೇಲಾದವರು ಪಾಠ ಮಾಡುತ್ತಿದ್ದುದನ್ನು ಅವರು ಬರೆಯಲಿಲ್ಲ. ಅದನ್ನು ಬರೆಯಲು ಆ ಕಾಗದದಲ್ಲಿ ಜಾಗವಿತ್ತು. ಆದರೂ ಸುದ್ದಿ ಹೇಗೋ ಮೇಲೆ ಹೋಯಿತು. ಎರಡು ತಿಂಗಳಲ್ಲಿ ಮೌಲ್ವಿಸಾಬರನ್ನು ಗುಲ್ಬರ್ಗಾದ ಒಂದು ಉರ್ದು ಶಾಲೆಗೆ ವರ್ಗ ಮಾಡಿದರು. ಬಸ್ಸಿಗೆ ಬಿಡಲು ಹೋದಾಗ ನಾನು ನನ್ನಿಂದಲೇ ಹೀಗಾಯಿತು ಎಂದೆ. ಅದಕ್ಕೆ ಅವರು, ಅಲ್ಲಿ ನನಗೆ ಪಾಠ ಕೊಡುತ್ತಾರೆ, ಇಲ್ಲಿ ಹಾಜರಿ ಬರೆಯುವುದಕ್ಕಿಂತ ಅದು ಒಳ್ಳೆಯದು ಎಂದರು. ಅದು ನಿಜವೋ ನನ್ನ ಸಮಾಧಾನಕ್ಕೋ ನನಗೆ ತಿಳಿಯಲಿಲ್ಲ.

ಮುಂದಿನ ವರ್ಷದಿಂದ ನಾನು ಇನ್ಸ್‌ಪೆಕ್ಟರು ಬರುವ ತಿಂಗಳಲ್ಲಿ ಮಕ್ಕಳಿಗೆ ವ್ಯಾಖ್ಯೆಯನ್ನೂ ಬಾಯಿಪಾಠ ಮಾಡಿಸಿದೆ. ಲೆಕ್ಕ ತಿಳಿದ ಮೇಲೆ ಅದು ಎರಡು ದಿನದ ಕೆಲಸ. ಹೆಸರು ಬೇಡವೆಂದು ನಾನು ಯಾವತ್ತೂ ಅನ್ನಲಿಲ್ಲ, ಅದು ಮೊದಲು ಬರಬಾರದು ಅಷ್ಟೇ.

ಎರಡು ವರ್ಷ ಕಳೆದ ಮೇಲೆ ಮೌಲ್ವಿಸಾಬರಿಂದ ಒಂದು ಕಾಗದ ಬಂತು, ಕನ್ನಡದಲ್ಲಿ. ಉರ್ದು ಶಾಲೆಯವರಿಗೆ ಬೇಕಿಲ್ಲದಿದ್ದರೂ ಮತ್ತೆ ಪರೀಕ್ಷೆಗೆ ಕೂತಿದ್ದರು, ಮೂರನೇ ಸಲಕ್ಕೆ ಪಾಸಾಗಿದ್ದರು. ಕಾಗದದಲ್ಲಿ ಐದಾರು ತಪ್ಪುಗಳಿದ್ದವು. ನಾನು ಅವುಗಳ ಮಾತೆತ್ತದೆ ಸಂತೋಷವಾಯಿತೆಂದು ಉತ್ತರ ಬರೆದೆ. ಹತ್ತು ದಿನಕ್ಕೆ ಮರುಟಪಾಲು. ಅವರು ತಮ್ಮ ಅದೇ ಕಾಗದವನ್ನು ಇನ್ನೊಮ್ಮೆ ಬರೆದು ಕಳಿಸಿ, ಕೆಳಗೆ ಒಂದು ಸಾಲು ಸೇರಿಸಿದ್ದರು: "ತಪ್ಪು ತಿದ್ದಿ ಕಳಸ್ರಿ. ಮೆಚ್ಚಲಿ ಅಂತ ಬರದಿಲ್ಲ ನಾ."

ತಿದ್ದಿ ಕಳಿಸಿದೆ. ಒತ್ತಕ್ಷರಗಳೆಲ್ಲ ಸರಿಯಾಗಿದ್ದವು, ದೀರ್ಘಗಳಲ್ಲಿ ಮಾತ್ರ ಎಡವಿದ್ದರು.