ಗಾಜಿನ ಹಿಂದೆ ಕೂತ ಮರಿಮಲ್ಲಪ್ಪ

ಬೇಗೂರಿನ ಸೋಮಮ್ಮನ ಬಾಯಿಗೆ ಗುಂಡ್ಲುಪೇಟೆ ಮಂಡಿಯ ದಲ್ಲಾಳಿಗಳೂ ಹೆದರುತ್ತಿದ್ದರು. ಸಣ್ಣೀರುಳ್ಳಿ ತೂಕದಲ್ಲಿ ಚೂರು ಮೋಸವಾದರೂ ತಕ್ಕಡಿಯ ಮುಂದೆಯೇ ಜನ್ಮ ಜಾಲಾಡಿಬಿಡುವಳು. ಅವಳು ನನ್ನ ಚಿಕ್ಕಮ್ಮ. ಗಂಡ ಮರಿಮಲ್ಲಪ್ಪ ತದ್ವಿರುದ್ಧ. ಕ್ಯಾಮೆರಾ ಕಂಡರೆ ಕೊಟ್ಟಿಗೆಗೆ ನುಸುಳುವ ಮನುಷ್ಯ. ಬದುಕಿದ್ದಾಗಿನ ಅವನದೊಂದು ಫೋಟೊ ಕೂಡ ನಮ್ಮಲ್ಲಿಲ್ಲ.

ತೊಂಬತ್ತೇಳನೇ ಇಸವಿಯಲ್ಲಿ ಅವನು ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕುತ್ತೇವೆ. ಹಾಗೆ ಕೂತಿದ್ದವನ ಫೋಟೊ ತೆಗೆಯಲು ಗುಂಡ್ಲುಪೇಟೆಯ ಸ್ಟುಡಿಯೊ ರಂಗರಾಜು ಬಂದ. ರೀಲಿನ ಕ್ಯಾಮೆರಾ ತರಬಾರದಿತ್ತೆ ಆ ಅಯೋಗ್ಯ? ಗಲ್ಫಿನಿಂದ ಬಂದ ಗೆಳೆಯನ ಹತ್ತಿರ ಕೊಂಡ ಡಿಜಿಟಲ್ ಕ್ಯಾಮೆರಾ ಹಿಡಿದು ಮೆರೆಯುತ್ತ ಬಂದ. ಫೋಟೊ ಫ್ಲಾಪಿಯಲ್ಲಿ ಇರುತ್ತದಂತೆ, ತೊಳೆಸಲು ಮೈಸೂರಿಗೆ ಕಳಿಸುವುದೇ ಬೇಡವಂತೆ! ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಚಿಕ್ಕಪ್ಪ ಚೆನ್ನಾಗಿಯೇ ಕಂಡ. ನಂಬಿ ಮಣ್ಣು ಮಾಡಿ ಬಂದೆವು.

ಗೋಡೆಗೆಂದು ದೊಡ್ಡದು ಮಾಡಿಸಿದರೆ ಬರೀ ಚೌಕುಳಿ. ವಿಭೂತಿಯ ಗೆರೆ ಮೆಟ್ಟಿಲು ಮೆಟ್ಟಿಲು, ಕಣ್ಣಿರುವಲ್ಲಿ ಎರಡು ಕರಿ ಬಿಲ್ಲೆ. "ಕ್ಯಾಮೆರಾ ಶಕ್ತಿ ಅಷ್ಟೇಯ ಸೋಮಕ್ಕ," ಎಂದು ರಂಗರಾಜು ಕೈ ತೊಳೆದುಕೊಂಡ. ಮತ್ತೆ ತೆಗೆಯಲು ಮನುಷ್ಯನೆಲ್ಲಿ? ಚಿಕ್ಕಮ್ಮ ಅದನ್ನೇ ತೂಗುಹಾಕಿ ದಿನಾ ಹೂ ಇಟ್ಟಳು.

ತೊಂಬತ್ತೊಂಬತ್ತರಲ್ಲೊಮ್ಮೆ ಮಂಡಿಗೆ ಈರುಳ್ಳಿ ಹಾಕಿ ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದಿದ್ದೆವು. ಸ್ಟುಡಿಯೊದ ಗಾಜಿನ ಮುಂದೆ ಜನ ನಿಂತು ನಗುತ್ತಿದ್ದರು. ಗಾಜಿನ ಹಿಂದೆ ಒಂದೇ ಅಳತೆಯ ಎರಡು ಫೋಟೊ. 'ಹೊಸ ಕ್ಯಾಮೆರಾ' ಎಂಬ ಚೀಟಿಯ ಮೇಲೆ ರಂಗರಾಜುವಿನ ಮಾವ, ಮೀಸೆಯ ಕೂದಲು ಕೂದಲೂ ಕಾಣುವಂತೆ. 'ಹಳೇ ಕ್ಯಾಮೆರಾ' ಎಂಬ ಚೀಟಿಯ ಮೇಲೆ ನಮ್ಮ ಮರಿಮಲ್ಲಪ್ಪ. ನನಗೆ ಮೈಯೆಲ್ಲ ಉರಿದುಹೋಯಿತು.

ಚಿಕ್ಕಮ್ಮ ಆಗಲೇ ಒಳಗೆ ನುಗ್ಗಿದ್ದಳು. "ಏನ್ಲಾ ರಂಗರಾಜು, ಜನುನ್ನ ನಗ್ಸಕ್ಕೆ ನಿಂಗೆ ನಮ್ ಯಜಮಾನ್ರೇ ಸಿಕ್ಕಿದ್ರಾ?"

"ಯಾಪಾರ ಕಣಕ್ಕ. ಅಳೇದ್ಕೂ ಒಸದ್ಕೂ ವ್ಯತ್ಯಾಸ ಗೊತ್ತಾಗ್ಲಿ ಅಂತ. ಎಸ್ರು ಬರ್ದಿಲ್ವಲ್ಲ, ಆ ಮೊಕ ಯಾರ್ಗ್ ಗುರ್ತು ಸಿಕ್ತದೆ?"

"ನಂಗ್ ಸಿಕ್ತಲ್ಲಾ!"

ಆ ಕೂಗಿಗೆ ಹೊರಗಿದ್ದವರೆಲ್ಲ ಜಾಗ ಖಾಲಿ ಮಾಡಿದರು. ರಂಗರಾಜು ಫೋಟೊ ಇಳಿಸಿದ. "ಕ್ವಾಪ ಬುಡಕ್ಕ. ಒಸ ಕ್ಯಾಮೆರಾದಲ್ಲಿ ನಿಮ್ದೊಂದು ತಗ್ದುಕೊಡ್ತೀನಿ, ಕನ್ನಡೀಲಿ ನೋಡ್ದಂಗಿರ್ತದೆ."

"ಅವ್ರು ಅಂಗಿರುವಾಗ ಪಕ್ಕದಲ್ಲಿ ನಾನೊಬ್ಳು ಮಿಂಚ್ಕಂಡು ಕೂತ್ಕಳ್ಳಾ? ತಗಿಲಾ ಆ ಅಳೇದ್ನ!"

ಮೂಲೆಯ ಪೆಟ್ಟಿಗೆಯಿಂದ ಅದೇ ಹಳೆಯ ಫ್ಲಾಪಿ ಕ್ಯಾಮೆರಾ ಹೊರಬಂತು. ಚಿಕ್ಕಮ್ಮ ಸ್ಟೂಲು ಒದ್ದು, ನೆಲದ ಮೇಲೆ ಕಾಲು ಮಡಚಿ, ಗೋಡೆಗೆ ಒರಗಿ ಕೂತಳು. ಚಿಕ್ಕಪ್ಪನನ್ನು ಕೂರಿಸಿದ್ದೂ ಹಾಗೆಯೇ.

"ವಸಿ ನಗಿ ಅಕ್ಕ."

"ಬಾಯ್ ಮುಚ್ಕಂಡು ಒತ್ತು."

ಈಗ ಬೇಗೂರಿನ ಮನೆಯಲ್ಲಿ ಇಬ್ಬರೂ ಚೌಕುಳಿಯಾಗಿ ಅಕ್ಕಪಕ್ಕ ಇದ್ದಾರೆ. ಹೊಸದಾಗಿ ಬಂದವರು ಇದ್ಯಾರು ಎಂದು ಕಣ್ಣು ಕಿರಿದು ಮಾಡಿ ಕೇಳುತ್ತಾರೆ. ಚಿಕ್ಕಮ್ಮನ ಸಿಟ್ಟು ಇನ್ನೂ ಇಳಿದಿಲ್ಲ.

"ಗಂಡ ಎಂಡ್ತಿ ಕಣ್ಲಾ, ಕಾಣಕಿಲ್ವಾ?"