ಟೊಮೆಕಿಚಿಯ ಹಾಲುಬಿಳುಪಿನ ಕೈಗಳು

ಒಯಿಕಾವಾ ಟೊಮೆಕಿಚಿಯನ್ನು ಮಾಡುವಾಗ ದೇವರು ಮುಖವನ್ನು ಒಂದು ಬುಟ್ಟಿಯಿಂದಲೂ ಕೈಗಳನ್ನು ಇನ್ನೊಂದು ಬುಟ್ಟಿಯಿಂದಲೂ ಎತ್ತಿಕೊಂಡಿರಬೇಕು. ಮುಖ ಕೆಂಡದಲ್ಲಿ ಮರೆತುಬಿಟ್ಟ ಗೆಣಸು, ಕೈಗಳು ಮದುವಣಗಿತ್ತಿಯವು. ಬೇಸಿಗೆಯೆಲ್ಲ ಸೇಬಿನ ತೋಟದಲ್ಲಿ ದುಡಿದರೂ ಅವನ ಕೈಗಳದು ಬೇರೆಯದೇ ಸಂಸ್ಥಾನ. ಚಳಿಗಾಲ ಬಂತೆಂದರೆ, ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಮನೆಗೆ ಹೋಗಿ ಅಲ್ಲೇ ಉಳಿದು, ಬೆವರಿಳಿಯುವ ಕೋಜಿ ಕೋಣೆಯಲ್ಲಿ ಬರಿಮೈಯಲ್ಲಿ ನಿಂತು, ಬೆಂದ ಅಕ್ಕಿಗೆ ಬೂಷ್ಟು ಹಿಡಿಸಿ, ಆ ಕೋಜಿಯಲ್ಲಿ ಮೊಣಕೈವರೆಗೆ ಕೈ ಹೂತು ತಿಕ್ಕುವುದೇ ಅವನ ಕಸುಬು. ಆ ಬೂಷ್ಟಿನಲ್ಲಿ ಹುಟ್ಟುವ, ಚರ್ಮ ಬೆಳ್ಳಗಾಗಿಸುವ ಕೋಜಿಕ್ ಆಮ್ಲವನ್ನು ಪಟ್ಟಣದವರು ಹೆಬ್ಬೆರಳಿನಷ್ಟು ಶೀಶೆಗೆ ತುಂಬಿ ಹೆಂಗಸರಿಗೆ ಮಾರುತ್ತಿದ್ದರೆ, ಟೊಮೆಕಿಚಿ ಅದರಲ್ಲಿ ಎಮ್ಮೆಯಂತೆ ಹೊರಳಾಡುತ್ತಿದ್ದ.

ಅವನ ಹೆಂಡತಿ ಕಿನುವಿನ ಕೈಗಳಾದರೋ ಸೇಬುಮರದ ತೊಗಟೆ. ಹಿಮದಲ್ಲಿ ನಿಂತು ಕೊಂಬೆ ಸವರುವವಳು ಅವಳೇ ತಾನೆ. ನಿಮ್ಮಿಬ್ಬರಲ್ಲಿ ಹೆಂಗಸು ಯಾರಮ್ಮ ಎಂದು ನೆರೆಮನೆಯ ಮುದುಕಿ ಹಂಗಿಸಿದಾಗ ಕಿನು ನಕ್ಕುಬಿಟ್ಟಿದ್ದಳು. ಆದರೆ ಈ ವಸಂತದಲ್ಲಿ ಮಗಳ ಮದುವೆ. ಬೀಗರ ಮುಂದೆ ಮಂಡಿಯೂರಿ, ಒಬ್ಬೊಬ್ಬರ ಬಟ್ಟಲಿಗೂ ಸಾಕೆ ಬಗ್ಗಿಸಬೇಕು. ಅಷ್ಟೂ ಹೊತ್ತು ಅಷ್ಟೂ ಕಣ್ಣು ಇರುವುದು ಕೈ ಮೇಲೆ.

ಹಾಗಾಗಿ ನಡು ಚಳಿಗಾಲದಲ್ಲಿ ಬೆಚ್ಚನೆಯ ಒಳಂಗಿ ಕೊಡುವ ನೆವ ಮಾಡಿಕೊಂಡು, ಮೊದಲ ಬಸ್ಸು ಹಿಡಿದು ಸಾಕೆ ಮನೆಯ ಹಿಂಬಾಗಿಲಿಗೆ ಬಂದಳು. ಮೇಸ್ತ್ರಿ ಸುಗಾವಾರಾ ಮಲಗಿದ್ದ ಹೊತ್ತು.

"ಕೋಜಿಲಿ ಒಂದ್ಸಲ ಕೈ ಅದ್ದಿ ತೆಗೀತೀನಿ, ಅಷ್ಟೆ ಕಣ್ರೀ."

"ಹೊರಗಿನೋರು ಒಳಗೆ ಕಾಲಿಡೋ ಹಾಗಿಲ್ಲ ಕಣೆ."

"ನಾನು ಹೊರಗಿನೋಳಾ? ಇಷ್ಟು ವರ್ಷ ಆ ಕೈಗೆ ಅನ್ನ ಇಕ್ಕಿದ್ದು ಯಾರು ಹಾಗಾದ್ರೆ?"

ಕರಡಿಯನ್ನಾದರೂ ಎದುರಿಸಿಯಾನು, ಈ ಪ್ರಶ್ನೆಯನ್ನಲ್ಲ. ಟೊಮೆಕಿಚಿ ಶರಣಾದ. ಅವಳ ಕೈಯನ್ನು ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ತೊಳೆಸಿ, ತಲೆಗೆ ಬಟ್ಟೆ ಕಟ್ಟಿಸಿ ಒಳಗೆ ಬಿಟ್ಟ. ಕಿನು ಬೆಚ್ಚಗಿನ ಕೋಜಿಯಲ್ಲಿ ಕೈ ಹೂತು ಕಣ್ಣು ಮುಚ್ಚಿಕೊಂಡಳು. ಅದನ್ನು ನೋಡುತ್ತ ಅವನು ತಾನೂ ಲೋಕವನ್ನೇ ಗೆದ್ದವನಂತೆ ನಿಂತ.

ಬೆಳಗ್ಗೆ ಏನು ತಿಂದು ಬಂದೆ ಎಂದು ಮಾತ್ರ ಕೇಳಲಿಲ್ಲ. ಸಾಕೆ ಮನೆಯಲ್ಲಿ ಚಳಿಗಾಲ ಮುಗಿಯುವ ತನಕ ಯಾರೂ ನಾಟ್ಟೊ ತಿನ್ನುವಂತಿಲ್ಲ. ನೂಲುನೂಲಾಗಿ ಎಳೆಯುವ ಆ ಹುಳಿಸಿದ ಸೋಯಾಕಾಳಿನ ಜೀವಾಣು ಬಿಸಿನೀರಿಗೂ ಜಗ್ಗದೆ ಬಂದು ಕೋಜಿಯನ್ನು ನುಂಗಿಬಿಡುತ್ತದೆ. ಎಷ್ಟೋ ಚಳಿಗಾಲ ಅದರ ಮುಖ ಕಾಣದ ಟೊಮೆಕಿಚಿಗೆ, ಊರಲ್ಲಿ ಜನ ಅದನ್ನು ದಿನಾ ಬೆಳಗ್ಗೆ ಅನ್ನಕ್ಕೆ ಕಲಸಿಕೊಂಡೇ ತಿನ್ನುತ್ತಾರೆಂಬುದೇ ಮರೆತುಹೋಗಿತ್ತು.

ಮರುದಿನ ಕೋಜಿ ಅಂಟಂಟಾಗಿ ಜಾರತೊಡಗಿತು. ಮೇಸ್ತ್ರಿ ಒಂದು ಚಿಟಿಕೆ ತೆಗೆದು ಮೂಸಿ, ಮನೆಯಲ್ಲಿ ಸಾವಾದವರಂತೆ ತಣ್ಣಗಾದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಯಾರಪ್ಪಾ ನಾಟ್ಟೊ ತಿಂದೋರು?"

ಹೆಂಡತಿಯ ಹೆಸರು ಹೇಳಿದರೆ ಅವಳ ಮಾನ ಊರೂರಿಗೆ ಹರಾಜು. ಹೇಳದಿದ್ದರೆ ಪಕ್ಕದಲ್ಲಿ ನಿಂತ ನಿರಪರಾಧಿಗಳ ಮೇಲೆ ಗುಮಾನಿ.

"ನಾನೇ, ಮೇಸ್ತ್ರಿ. ಆಸೆ ತಡೀಲಿಲ್ಲ."

ಸುಗಾವಾರಾ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೋಜಿ ಕೋಣೆಗೆ ಇನ್ನು ಬರಬೇಡ, ಅಕ್ಕಿ ತೊಳೆಯೋಕೆ ಹೋಗು ಎಂದರು, ಅಷ್ಟೆ. ಅಕ್ಕಿ ತೊಳೆಯುವುದು ಅಂಗಳದ ಮೂಲೆಯ ಚಪ್ಪರದಲ್ಲಿ, ಬಾವಿಯ ಕೊರೆಯುವ ನೀರಿನಲ್ಲಿ. ವಾರ ಕಳೆಯುವಷ್ಟರಲ್ಲಿ ಮದುವಣಗಿತ್ತಿಯ ಕೈಗಳು ಗೆಣ್ಣುಗೆಣ್ಣಿಗೂ ಒಡೆದು ರಕ್ತ ಜಿನುಗಿತು.

ಆಗಲೇ ಊರಿನಿಂದ ಫೋನು ಬಂತು. ಒಡೆದ ಬೆರಳುಗಳಲ್ಲಿ ಅದನ್ನು ಹಿಡಿಯುವುದೇ ಕಷ್ಟವಾಯಿತು.

"ರೀ, ಒಂದೇ ಸಲಕ್ಕೆ ನನ್ನ ಕೈ ಎಷ್ಟು ಮೆತ್ತಗಾಗಿದೆ ಗೊತ್ತಾ? ಮುದುಕಿ ಮುಟ್ಟಿ ನೋಡಿ ಬಾಯಿ ಮುಚ್ಕೊಂಡ್ಳು. ಬರೋ ವಾರ ಮಗಳನ್ನೂ ಕರ್ಕೊಂಡು ಬರ್ಲಾ?"

ಟೊಮೆಕಿಚಿ ಕೋಜಿ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದ. ಅತ್ತ ಕಡೆ ಅವಳು ಹುಡುಗಿಯಂತೆ ನಗುತ್ತಿದ್ದಳು.

"ನೋಡೋಣ ಕಣೆ," ಎಂದ.